ಷಡ್ಡಕನ ತಂಪು ಮನೆ, ನನ್ನ ಹೊಟ್ಟೆಯ ಉರಿ

ಮನೆ ಕಟ್ಟುವ ಕೆಲಸದಲ್ಲಿ ಇರುವವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಬರವಿಲ್ಲ. ಒಂದೊಂದು ಮನೆಗೂ ಒಂದೊಂದು ಅಂಟಿಕೊಂಡೇ ಬರುತ್ತದೆ. ನನ್ನ ಸಂಕಟ ಏನೆಂದರೆ, ಈಚೆಗೆ ಅವೆಲ್ಲ ನಡೆಯುವುದು ನಾನು ಕಟ್ಟಿದ ಮನೆಗಳಲ್ಲಿ ಅಲ್ಲ, ನನ್ನ ಷಡ್ಡಕ ಕಟ್ಟಿದ ಮನೆಗಳಲ್ಲಿ. ಜನ ಅಲ್ಲಿಗೆ ಹೋಗಿ ಹೊಟ್ಟೆ ತುಂಬ ನಗುತ್ತಾರೆ. ನಕ್ಕು ಮುಗಿದ ಮೇಲೆ ತಮ್ಮ ಮನೆಯನ್ನೂ ಅವನಿಗೇ ಒಪ್ಪಿಸಿ ಬರುತ್ತಾರೆ.

ನಾನು ಚನ್ನಗಿರಿಯಲ್ಲಿ ಮೇಸ್ತ್ರಿ. ಇಟ್ಟಿಗೆ, ಸಿಮೆಂಟು, ಕರಣೆ, ಗೋಡೆಯ ನೇರ ನೋಡುವ ತೂಕದ ಗುಂಡು, ಇಷ್ಟೇ ನನ್ನ ಬಂಡವಾಳ. ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವನು ಕಟ್ಟುವುದು ಪ್ಯಾನೆಲ್ ಮನೆ. ಎರಡು ಸಿಮೆಂಟ್ ಹಲಗೆ, ನಡುವೆ ಗಟ್ಟಿ ಥರ್ಮಾಕೋಲು. ಇಂಥ ತುಂಡುಗಳು ಎಲ್ಲೋ ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬರುತ್ತವೆ. ಒಂದಕ್ಕೊಂದು ಸಿಕ್ಕಿಸಿದರೆ ಗೋಡೆ, ಮೇಲೆ ಹೊದಿಸಿದರೆ ಮಾಡು. ಹೊರಗಿನ ಬಿಸಿಲು ಒಳಗೆ ಬರುವುದಿಲ್ಲ, ಒಳಗಿನ ತಂಪು ಹೊರಗೆ ಹೋಗುವುದಿಲ್ಲ, ಫ್ಯಾನಿಗೆ ರಜೆ, ಕರೆಂಟು ಉಳಿತಾಯ ಎಂದು ಅವನು ಕಂಡವರಿಗೆಲ್ಲ ಹೇಳುತ್ತಾನೆ. ನಾನು ಅದನ್ನು ಐಸ್‌ಕ್ಯಾಂಡಿ ಡಬ್ಬ ಎನ್ನುತ್ತೇನೆ.

ಇವನಿಗೆ ಹೊಟ್ಟೆಕಿಚ್ಚು ಎಂದು ನೀವು ಅಂದುಕೊಂಡಿದ್ದರೆ ಸರಿಯಾಗಿಯೇ ಅಂದುಕೊಂಡಿದ್ದೀರಿ. ಇದು ನಿನ್ನೆ ಮೊನ್ನೆಯದಲ್ಲ. ಹಬ್ಬಕ್ಕೆ ಹೋದಾಗ ನಮ್ಮ ಅತ್ತೆ ಇಬ್ಬರು ಅಳಿಯಂದಿರನ್ನೂ ಅಕ್ಕಪಕ್ಕ ಕೂರಿಸಿ ಹೋಳಿಗೆ ಬಡಿಸುತ್ತಾರೆ. ತುಪ್ಪದ ಮಿಳ್ಳೆ ಮೊದಲು ಬಾಗುವುದು ಅವನ ಎಲೆಗೆ. ನನ್ನ ಎಲೆಯ ಹತ್ತಿರ ಬರುವಾಗ ಅತ್ತೆಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತದೆ. ನಾನು ಹಿರಿಯ ಅಳಿಯ ಎನ್ನುವುದು ಮಾತ್ರ ನೆನಪಾಗುವುದಿಲ್ಲ.

ಹೀಗಿರುವಾಗ ಸಂತೇಬೆನ್ನೂರಿನಲ್ಲಿ ನಮ್ಮ ಮಾವ ಹೊಸ ಮನೆ ಕಟ್ಟಿಸಲು ಹೊರಟರು. ಬಸ್ ಡ್ರೈವರಾಗಿ ರಿಟೈರ್ ಆದವರು. ಬಸ್ ರೋಡಿನ ಪಕ್ಕದ ಹಳೇ ಮನೆ ಕೆಡವಿಸಿ, ಎದುರಿನ ಬಾಡಿಗೆ ಮನೆಗೆ ಹೋಗಿ ಕೂತಿದ್ದರು. ಕೆಲಸ ಯಾವ ಅಳಿಯನಿಗೆ ಎಂದು ಕೇಳಿದರೆ, ಇಬ್ಬರು ಕಟ್ಟಿದ್ದನ್ನೂ ನೋಡಿ ಆಮೇಲೆ ಹೇಳುತ್ತೇನೆ ಎಂದುಬಿಟ್ಟರು. ನನಗೆ ಅನ್ನ ಇಳಿಯಲಿಲ್ಲ. ಮಾವನ ಮನೆಯೇ ಅವನ ಪಾಲಾದರೆ ಚನ್ನಗಿರಿಯಲ್ಲಿ ನನ್ನನ್ನು ಇನ್ಯಾರು ಕರೆಯುತ್ತಾರೆ? ಹೆಣ್ಣು ಕೊಟ್ಟವರೇ ಗೋಡೆ ಕೊಡಲಿಲ್ಲ ಎಂದು ಸಂತೆಯಲ್ಲಿ ಆಡಿಕೊಳ್ಳುತ್ತಾರೆ. ಆ ಮನೆ ನನಗೇ ಬರಬೇಕಿತ್ತು. ಅದಕ್ಕಾಗಿ ಅವನ ಒಂದೊಂದು ಮನೆಗೂ ಹೋಗಿ ಹುಳುಕು ಹುಡುಕಿ ಮಾವನಿಗೆ ಮುಟ್ಟಿಸುವ ವ್ರತ ಹಿಡಿದೆ.

೧. ಹೊನ್ನಾಳಿಯ ಶಾಮಿಯಾನ

ಮೊದಲು ಹೋಗಿದ್ದು ಹೊನ್ನಾಳಿಗೆ. ಒಬ್ಬ ಹೈಸ್ಕೂಲ್ ಮೇಷ್ಟ್ರ ಮನೆ. ನಾನು ಹೋದಾಗ ಲಾರಿಯಿಂದ ಗೋಡೆ ಇಳಿಸುತ್ತಿದ್ದರು. ಇಬ್ಬರು ಆಳು ಒಂದು ಗೋಡೆಯನ್ನು ಎತ್ತಿಕೊಂಡು ಹೋಗಿ ನಿಲ್ಲಿಸುವುದು, ಇನ್ನಿಬ್ಬರು ಇನ್ನೊಂದನ್ನು ತಂದು ಪಕ್ಕಕ್ಕೆ ಸಿಕ್ಕಿಸುವುದು. ನಮ್ಮ ಕಡೆ ಅಷ್ಟು ಹೊತ್ತಿನಲ್ಲಿ ಮರಳಿನ ಲಾರಿ ಎಲ್ಲಿಗೆ ಬಂತು ಎಂದು ಫೋನ್ ಮಾಡುವುದೂ ಮುಗಿದಿರುವುದಿಲ್ಲ. ಕಣ್ಣು ಕುಕ್ಕಿತು.

ಬೀದಿಯವರೆಲ್ಲ ಸೇರಿದ್ದರು. ಎದುರು ಮನೆಯ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, ಯಾರ ಮದುವೆ ಎಂದು ನನ್ನನ್ನು ಕೇಳಿದರು. ಮದುವೆಯಲ್ಲ, ಮನೆ ಎಂದೆ. ಅಜ್ಜಿ ನಂಬಲಿಲ್ಲ.

"ಮನೇನೂ ಬಾಡಿಗೆಗೆ ಕೊಡ್ತಾರೇನು, ಶಾಮಿಯಾನದ ಹಂಗೆ? ಕಾರ್ಯ ಮುಗುದ ಮ್ಯಾಲೆ ಅವ್ರೇ ಬಿಚ್ಕಂಡು ಹೋಗ್ತಾರೋ, ನಾವೇ ತಲುಪಿಸ್ಬೇಕೋ?"

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಿಚ್ಚುವ ಕಷ್ಟವೂ ಇಲ್ಲ, ಗಾಳಿ ಬಂದರೆ ತಾನೇ ಹೋಗುತ್ತದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬೀದಿಯೆಲ್ಲ ನಕ್ಕಿತು. ಷಡ್ಡಕನೂ ನಕ್ಕ. ಅವನ ಆ ಗುಣವೇ ನನಗೆ ಸೇರುವುದಿಲ್ಲ.

ವಾರ ತುಂಬುವುದರೊಳಗೆ ಮಾಡು ಹೊದಿಸಿದರು. ಆ ದಿನವೂ ಹೋಗಿದ್ದೆ. ಅಷ್ಟರಲ್ಲಿ ಮೇಷ್ಟ್ರ ಮನೆಯಲ್ಲಿ ಮದುವೆ ಎಂದು ಅಜ್ಜಿ ಮೂರು ಬೀದಿಗೆ ಹಬ್ಬಿಸಿಯಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಜನ ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿಕೊಂಡು, ಮಕ್ಕಳ ಕೈಹಿಡಿದುಕೊಂಡು ಬಂದರು. ಮನೆಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ? ಮೇಷ್ಟ್ರ ಹೆಂಡತಿ ಅಕ್ಕಪಕ್ಕದ ಮನೆಗಳಿಂದ ರವೆ ಕೇಳಿ ತಂದು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿದರು. ಎಲ್ಲರೂ ಹೊಸ ಹಾಲಿನಲ್ಲಿ ಸಾಲಾಗಿ ಕೂತು ತಿಂದರು. ಫ್ಯಾನ್ ಇನ್ನೂ ಹಾಕಿರಲಿಲ್ಲ, ಆದರೂ ಯಾರ ಹಣೆಯಲ್ಲೂ ಬೆವರಿಲ್ಲ. ಎಷ್ಟು ತಂಪು, ಎಷ್ಟು ತಂಪು ಎಂದು ಅದೇ ಮಾತು.

ಅಜ್ಜಿ ಕೈ ತೊಳೆದು ಬಂದು ಷಡ್ಡಕನ ಮುಂದೆ ನಿಂತು, "ಮದುವಿ ಯಾವಾಗಾದ್ರೂ ಮಾಡ್ಕಳ್ಳಿ ಬಿಡಪ್ಪ, ಇದನ್ನ ಮಾತ್ರ ಬಿಚ್ಕಂಡು ಹೋಗ್ಬ್ಯಾಡ್ರಿ" ಎಂದರು.

೨. ನ್ಯಾಮತಿಯ ಬೆಳೆ

ನ್ಯಾಮತಿಯಲ್ಲಿ ಒಬ್ಬ ಬಟ್ಟೆ ಅಂಗಡಿಯವರು ಗೋಡೆ ನಿಲ್ಲಿಸಿಕೊಂಡಿದ್ದರು. ಮಾಡಿನ ಲಾರಿ ಬರುವುದು ತಡವಾಗಿತ್ತು. ನಾನು ಆ ದಾರಿಯಲ್ಲಿ ಕೆಲಸ ಇಲ್ಲದಿದ್ದರೂ ಹೋದೆ. ನೋಡಿದರೆ, ಅಂಗಡಿಯವರು ಪಂಚೆ ಎತ್ತಿ ಕಟ್ಟಿಕೊಂಡು ಪೈಪಿನಲ್ಲಿ ಗೋಡೆಗೆ ನೀರು ಹೊಡೆಯುತ್ತಿದ್ದಾರೆ.

ಪ್ಯಾನೆಲ್ ಗೋಡೆಗೆ ನೀರು ಬೇಕಿಲ್ಲ. ಸಿಮೆಂಟು ಕಲಸಿ ಕಟ್ಟಿದ ನಮ್ಮ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಕುಡಿಸಬೇಕು, ಆಗ ಗಟ್ಟಿಯಾಗುತ್ತದೆ. ಪ್ಯಾನೆಲ್ಲು ಕಾರ್ಖಾನೆಯಲ್ಲೇ ಗಟ್ಟಿಯಾಗಿ ಬಂದಿರುತ್ತದೆ. ಷಡ್ಡಕ ಇದನ್ನು ಬಿಡಿಸಿ ಹೇಳಿದ್ದನಂತೆ. ಆದರೆ ಅಂಗಡಿಯವರ ಅಪ್ಪ, ತಾತ, ಮಾವ ಎಲ್ಲರೂ ಮನೆಗೆ ನೀರು ಹೊಡೆದೇ ಗೃಹಪ್ರವೇಶ ಮಾಡಿದವರು. ನೀರು ಕುಡಿಯದ ಮನೆ ಮನೆಯೇ ಅಲ್ಲ ಎನ್ನುವುದು ಅವರ ನಂಬಿಕೆ. ಸಾಲದ್ದಕ್ಕೆ ಪಕ್ಕದ ಮಂಡಿಯಿಂದ ಹಳೆ ಗೋಣಿಚೀಲ ತಂದು ಗೋಡೆಯ ತಲೆಯಿಂದ ಕೆಳಗಿನವರೆಗೆ ಇಳಿಬಿಟ್ಟು, ತೇವ ಆರದ ಹಾಗೆ ನೋಡಿಕೊಂಡಿದ್ದರು.

ನನ್ನನ್ನು ಕಂಡು ಅವರಿಗೆ ಧೈರ್ಯ ಬಂತು. "ಮೇಸ್ತ್ರಿ, ನೀವು ಅನುಭವಸ್ಥರು. ಇಷ್ಟು ನೀರು ಸಾಕಾಗತೈತಾ?"

ನಾನು ಗೋಡೆಯನ್ನು ಮೇಲೆ ಕೆಳಗೆ ನೋಡಿ, ಗಂಭೀರವಾಗಿ, ಸಾಲದು ಎಂದೆ. ಅವರು ಹೆಂಡತಿಯನ್ನೂ ಕರೆದು ಇನ್ನೊಂದು ಪೈಪು ಹಿಡಿಸಿದರು. ನಾನು ಬೈಕು ಹತ್ತಿ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ.

ಆ ಚೀಲಗಳಲ್ಲಿ ಹಿಂದೆ ಮೆಕ್ಕೆಜೋಳ ತುಂಬಿದ್ದರು. ಹೊಲಿಗೆಯ ಸಂದಿಯಲ್ಲಿ ಉಳಿದಿದ್ದ ಕಾಳು ಇಷ್ಟು ಉಪಚಾರ ಕಂಡು ಸುಮ್ಮನಿರುತ್ತವೆಯೇ? ಮುಂದಿನ ಸಲ ಹೋದಾಗ ಮನೆಯ ಸುತ್ತಲೂ ಗೋಡೆಯ ಮೇಲೆ ಹಸಿರು ಪೈರು ಎದ್ದಿತ್ತು. ಅಂಗಡಿಯವರಿಗೆ ಕೀಳಲು ಮನಸ್ಸಿಲ್ಲ. ಹೊಸ ಮನೆಯ ಮೇಲೆ ತಾನಾಗಿ ಬಂದ ಬೆಳೆ ಲಕ್ಷ್ಮಿ ಎಂದು ಹೆಂಡತಿ ಅರಿಶಿನ ಕುಂಕುಮ ಬೇರೆ ಹಾಕಿದ್ದರು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದರು.

ಷಡ್ಡಕನ ಮಾನ ಹೋಯಿತು ಎಂದು ನಾನು ಹಿಗ್ಗಿದೆ. ಅವನು ಬಂದ, ನೋಡಿದ, ನಗುತ್ತ ಒಂದು ಫೋಟೋ ಹೊಡೆದು ಎಲ್ಲರಿಗೂ ಕಳಿಸಿದ. ಕತ್ತಲಗೆರೆಯ ಒಬ್ಬ ತೋಟದವರು ಅದನ್ನು ನೋಡಿ ಅವತ್ತೇ ಫೋನ್ ಮಾಡಿದರಂತೆ. ನಮಗೂ ಇಂಥದ್ದೇ ಮನೆ ಬೇಕು, ಆದರೆ ನಾವು ಮೆಕ್ಕೆಜೋಳದವರಲ್ಲ, ಗೋಡೆಯ ಮೇಲೆ ಅಡಿಕೆ ಸಸಿ ಬರುವ ಹಾಗೆ ಮಾಡಿಕೊಡಲು ಆಗುತ್ತದೆಯೇ ಎಂದು.

೩. ತಟ್ಟಿದರೆ ತೆರೆಯದ ಬಾಗಿಲು

ಮೂರನೆಯದು ಚನ್ನಗಿರಿಯಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ನನ್ನ ಊರಲ್ಲಿ, ನನ್ನ ಮೂಗಿನ ಕೆಳಗೆ ಅವನು ಮನೆ ಎಬ್ಬಿಸಿದ್ದು ನೋಡಿ ನಾನು ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದೆ.

ನಮ್ಮ ಜನ ಏನನ್ನೇ ಆಗಲಿ ಬೆರಳ ಗೆಣ್ಣಿನಿಂದ ಕುಟ್ಟಿ ನೋಡದೆ ಒಪ್ಪುವುದಿಲ್ಲ. ತೆಂಗಿನಕಾಯಿ, ಕಲ್ಲಂಗಡಿ, ಗಡಿಗೆ, ಎಲ್ಲಕ್ಕೂ ಅದೇ ಪರೀಕ್ಷೆ. ಥರ್ಮಾಕೋಲಿನ ಮನೆ ಎಂದು ಸುದ್ದಿಯಾದ ಮೇಲೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ಗೋಡೆ ತಟ್ಟಿ ನೋಡತೊಡಗಿದರು. ಸಂತೆಗೆ ಬಂದವರು, ಅಡಿಕೆ ಮಂಡಿಗೆ ಬಂದವರು, ಕೋರ್ಟಿಗೆ ಬಂದವರು, ಒಬ್ಬರೂ ಬಿಡಲಿಲ್ಲ. ಬಾಗಿಲ ಪಕ್ಕದ ಗೋಡೆ ತಟ್ಟಿದಾಗಲೆಲ್ಲ ಆ ಮನೆಯಾಕೆ, ಯಾರೋ ಬಂದರು ಎಂದು ಒಲೆ ಸಣ್ಣ ಮಾಡಿ ಬಂದು ಬಾಗಿಲು ತೆಗೆಯುವುದು, ತಟ್ಟಿದವರು ಹಲ್ಲು ಕಿರಿದು ಗೋಡೆ ಗಟ್ಟಿ ಐತೇನ್ರಿ ಎನ್ನುವುದು. ಹಾಲು ಎಷ್ಟು ಸಲ ಉಕ್ಕಿತೋ ಆಕೆಗೇ ಗೊತ್ತು. ಕೊನೆಗೆ ಆಕೆ ಯಾರು ತಟ್ಟಿದರೂ ಏಳುವುದನ್ನೇ ನಿಲ್ಲಿಸಿದರು.

ಅಂಥ ಸಮಯದಲ್ಲಿ ನಮ್ಮ ಮಾವ ಮನೆ ನೋಡಬೇಕು ಎಂದು ಬಂದರು. ನಾನೇ ಕರೆದುಕೊಂಡು ಹೋದೆ, ಬೇರೆಯವರು ಕರೆದುಕೊಂಡು ಹೋದರೆ ಹೊಗಳಿಬಿಡುತ್ತಾರೆ ಎಂಬ ಭಯ. ಮಾವ ಬಿಳಿ ಪಂಚೆ ಉಟ್ಟು, ವಿಭೂತಿ ಹಚ್ಚಿ, ಠೀವಿಯಿಂದ ಹೋಗಿ ಬಾಗಿಲು ತಟ್ಟಿದರು. ಉತ್ತರವಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದರು. ಅಡಿಗೆಮನೆಯ ಕಿಟಕಿಯಿಂದ ದನಿ ಬಂತು.

"ಗಟ್ಟಿ ಐತ್ರೀ, ಹೋಗ್ರಿ."

ಮಾವನ ಮುಖ ಕೆಂಪಾಯಿತು. ಯಾರ ಮನೆ ಬಾಗಿಲಲ್ಲೂ ಅವರಿಗೆ ಹೀಗಾಗಿರಲಿಲ್ಲ. ಕೆಲಸ ಕೆಟ್ಟಿತು, ಷಡ್ಡಕನ ಕಥೆ ಮುಗಿಯಿತು ಎಂದು ನಾನು ಒಳಗೊಳಗೇ ಕುಣಿದೆ. ಮನೆ ಕಟ್ಟಿದವರಿಗೂ ಮರ್ಯಾದೆ ಇಲ್ಲ, ಇರುವವರಿಗೂ ಇಲ್ಲ ಎಂದು ದಾರಿಯುದ್ದಕ್ಕೂ ಉರಿಯುವ ಬೆಂಕಿಗೆ ತುಪ್ಪ ಸುರಿದೆ. ಮಾವ ಬಸ್‌ಸ್ಟ್ಯಾಂಡಿನವರೆಗೂ ಬಿರಬಿರನೆ ನಡೆದರು. ಬಸ್ ಹತ್ತುವಾಗ ತಿರುಗಿ, ಕಟ್ಟಿದವನು ಗಟ್ಟಿ ಐತೆ ಅನ್ನೋದು ಬೇರೆ, ಒಳಗಿರೋ ಹೆಣ್ಮಗಳು ಬೈದು ಹೇಳೋದು ಬೇರೆ, ಅದರ ಮೇಲೆ ಕೇಳಾಕೆ ಏನೈತೆ ಎಂದರು.

೪. ಜಗಳೂರಿನ ಪರೀಕ್ಷೆ

ಇನ್ನು ಉಳಿದದ್ದು ಒಂದೇ ದಾರಿ. ಬೇಸಿಗೆಯಲ್ಲಿ ಜಗಳೂರಿಗೆ ಹೋಗಿ, ಅಲ್ಲಿನ ಪ್ಯಾನೆಲ್ ಮನೆಯೊಳಗೆ ಕೂತು, ಬೆವರಿ, ಬೆವರಿದ ಅಂಗಿಯನ್ನೇ ಮಾವನಿಗೆ ತೋರಿಸುವುದು. ಜಗಳೂರಿನ ಬಿಸಿಲಿನ ಮೇಲೆ ನನಗೆ ಪೂರ್ತಿ ಭರವಸೆ ಇತ್ತು.

ನಡುಮಧ್ಯಾಹ್ನಕ್ಕೆ ಸರಿಯಾಗಿ ಹೋದೆ. ಬಸ್ಸಿಳಿದು ನಡೆದು ಹೋಗುವಾಗಲೇ ಅಂಗಿ ಅರ್ಧ ಒದ್ದೆ. ಮನೆಯ ಯಜಮಾನರು ಕಿರಾಣಿ ಅಂಗಡಿಯವರು, ಒಳ್ಳೆಯ ಜನ. ನಾನು ಷಡ್ಡಕನ ಷಡ್ಡಕ ಎಂದು ತಿಳಿದು ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಫ್ಯಾನ್ ಹಾಕಲು ಹೋದರು. ಬೇಡ, ಹಾಗೇ ನೋಡಬೇಕು ಎಂದೆ.

ಗೋಡೆ ಮುಟ್ಟಿದೆ, ತಣ್ಣಗಿತ್ತು. ಮೂಲೆ ನೋಡಿದೆ, ಸಂದಿಯಿಲ್ಲ. ನನ್ನ ತೂಕದ ಗುಂಡು ಇಳಿಬಿಟ್ಟು ನೋಡಿದೆ. ಗೋಡೆ ನೆಟ್ಟಗಿತ್ತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಇನ್ನು ಮಾಡಿನಲ್ಲಿ ಹಲಗೆ ಕೂಡುವ ಗೆರೆ ಉಳಿದಿತ್ತು. ಅದನ್ನು ನಿಂತು ನೋಡಿದರೆ ಕತ್ತು ನೋಯುತ್ತದೆ, ಮಲಗಿಯೇ ನೋಡಬೇಕು. ಹಾಲಿನ ನಡುವೆ ಅಂಗಾತ ಮಲಗಿ ಗೆರೆಯನ್ನು ಒಂದು ತುದಿಯಿಂದ ನೋಡುತ್ತಾ ಹೋದೆ. ಇನ್ನೊಂದು ತುದಿ ನನಗೆ ನೆನಪಿಲ್ಲ.

ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ಯಾರೋ ಪುಣ್ಯಾತ್ಮರು ಹೊಟ್ಟೆಯ ಮೇಲೆ ಒಂದು ದುಪ್ಪಟಿ ಹೊದಿಸಿದ್ದರು. ಚಳಿಯಾಗುತ್ತಿತ್ತು ಎಂದು ಕಾಣುತ್ತದೆ. ಕೊನೆಯ ಬಸ್ಸಿಗೆ ಓಡಿದೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಮೊಬೈಲ್ ಹಿಡಿದು ನಿಂತಿದ್ದಳು. ಯಜಮಾನರು ಫೋಟೋ ಹೊಡೆದು ಷಡ್ಡಕನಿಗೆ ಕಳಿಸಿದ್ದರು, ಅವನು ಸ್ಟೇಟಸ್ಸಿಗೆ ಹಾಕಿದ್ದ. ನಾನು ಬಾಯಿ ತೆರೆದು ಮಲಗಿದ್ದೇನೆ, ಎದೆಯ ಮೇಲೆ ತೂಕದ ಗುಂಡು, ಕೆಳಗೆ ಬರಹ: "ಜಗಳೂರು, ಮಧ್ಯಾಹ್ನ, ಫ್ಯಾನ್ ಇಲ್ಲ. ಚನ್ನಗಿರಿಯ ಹಿರಿಯ ಮೇಸ್ತ್ರಿಗಳಿಂದ ಪರೀಕ್ಷೆ ನಡೆಯುತ್ತಿದೆ."

೫. ಸಂತೇಬೆನ್ನೂರಿನ ಜಗಲಿ

ಆ ಫೋಟೋ ಮಾವನವರೆಗೂ ಹೋಯಿತು. ಹೇಳಿ ಕಳಿಸಿದರು, ಇಬ್ಬರೂ ಹೋದೆವು. ಅತ್ತೆ ಕಾಫಿ ತಂದರು, ಮೊದಲ ಲೋಟ ಅವನಿಗೆ.

ಮಾವ ಮಾತು ಸುತ್ತಿ ಬಳಸಲಿಲ್ಲ. ನನ್ನನ್ನು ನೋಡಿ, "ನೀನು ಹೊಟ್ಟೆಕಿಚ್ಚು ಬಿಟ್ಟು ನಿದ್ದಿ ಮಾಡಿದ್ದನ್ನ ಇವತ್ತಿನವರೆಗೂ ನಾನು ನೋಡಿರಲಿಲ್ಲ. ಆ ಮನಿಯಾಗೆ ಏನೋ ಐತೆ. ಗೋಡೆ, ಮಾಡು ಅವ್ನೇ ಮಾಡ್ಲಿ. ಪಾಯ, ಜಗಲಿ ನೀನು ಮಾಡು" ಎಂದರು.

ಪಾಯ ಮಣ್ಣೊಳಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಜಗಲಿ ಚಪ್ಪಲಿ ಬಿಡುವ ಜಾಗ. ಮನೆಗೆ ಬಂದು ಎರಡು ದಿನ ಕರಣೆ ಮುಟ್ಟಲಿಲ್ಲ. ಆಮೇಲೆ ಹಟ ಬಂತು. ಜಗಲಿಯೇ ಆಗಲಿ, ಅವನ ಗೋಡೆಗೆ ಕಣ್ಣೇ ಹೋಗಬಾರದು, ಹಾಗೆ ಕಟ್ಟುತ್ತೇನೆ ಎಂದುಕೊಂಡೆ. ಮನೆಯ ಉದ್ದಕ್ಕೂ, ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಅಗಲ ಮಾಡಿದೆ. ಕಲ್ಲು ಚಪ್ಪಡಿ ಹಾಸಿ, ಅಂಚನ್ನು ನಾನೇ ಕೂತು ದುಂಡಗೆ ಉಜ್ಜಿದೆ. ಮನೆ ಮುಂದಿನ ಬೇವಿನ ಮರದ ನೆರಳು ಅಳೆದು, ಬೆನ್ನು ಆನಿಸಲು ಇಳಿಜಾರಾದ ಒರಗು ಕಟ್ಟಿದೆ. ಷಡ್ಡಕ ತನ್ನ ಗೋಡೆ ನಿಲ್ಲಿಸಿ ಹೋದ ಮೇಲೂ ನಾನು ಅಲ್ಲೇ ಉಜ್ಜುತ್ತ ಕೂತಿದ್ದೆ. ಅವನು ನೋಡಿ ನಕ್ಕ.

ಗೃಹಪ್ರವೇಶವಾಯಿತು. ಮನೆ ತಂಪಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಬಂದವರೆಲ್ಲ ಅವನ ಬೆನ್ನು ತಟ್ಟಿದರು. ನಾನು ಹೋಳಿಗೆ ಸರಿಯಾಗಿ ತಿನ್ನಲಿಲ್ಲ.

ಆದರೆ ಮಾವ ಡ್ರೈವರು. ರೋಡಿನಲ್ಲಿ ಹೋಗುವ ಬಸ್ಸಿನ ಸದ್ದು ಕೇಳಿಯೇ ಅದು ಯಾವ ಬಸ್ಸು, ಗೇರು ಸರಿಯಾಗಿ ಹಾಕಿದನೋ ಇಲ್ಲವೋ, ಬ್ರೇಕು ಸವೆದಿದೆಯೋ ಎಂದು ಹೇಳಿ, ಓಡಿಸುವವನಿಗೆ ಕೂತಲ್ಲಿಂದಲೇ ಬೈಯುವುದು ಅವರ ದಿನಚರಿ. ಷಡ್ಡಕನ ಮನೆಯಲ್ಲಿ ಬಾಗಿಲು ಹಾಕಿದರೆ ಬಿಸಿಲಿನ ಜೊತೆಗೆ ಸದ್ದೂ ಹೊರಗೇ ಉಳಿಯಿತು. ಒಳಗೆ ಕೂತ ಮಾವನಿಗೆ ಊರಿನಲ್ಲಿ ಬಸ್ಸೇ ಓಡುತ್ತಿಲ್ಲವೇನೋ ಎಂದು ಕಳವಳ ಶುರುವಾಯಿತು. ಎದ್ದು ಜಗಲಿಗೆ ಬಂದರು. ಒರಗಿಗೆ ಬೆನ್ನು ಕೊಟ್ಟರು. ಆಮೇಲೆ ಒಳಗೆ ಹೋಗಲಿಲ್ಲ.

ಅವರಿಗೆ ಕಾಫಿ ಕೊಡಲು ಬಂದ ಅತ್ತೆ ಅಲ್ಲೇ ಸೊಪ್ಪು ಸೋಸಲು ಕೂತರು. ಅತ್ತೆ ಕೂತರು ಎಂದು ಅಕ್ಕಪಕ್ಕದ ಹೆಂಗಸರು ಬಂದರು. ಬಸ್ಸಿಗೆ ಕಾಯುವವರು ಬಂದರು. ಊಟ, ಎಲೆಅಡಿಕೆ, ಮಧ್ಯಾಹ್ನದ ನಿದ್ದೆ ಎಲ್ಲ ಜಗಲಿಗೆ ಬಂತು. ಷಡ್ಡಕನ ತಂಪು ಮನೆಯೊಳಗೆ ಅಕ್ಕಿ ಮೂಟೆ, ರಾಗಿ ಮೂಟೆ ಸುಖವಾಗಿ ಮಲಗಿದ್ದವು.

ಈಗ ಉರಿ ಜಾಗ ಬದಲಿಸಿತು. ಷಡ್ಡಕ ವಾರ ವಾರ ಸಂತೇಬೆನ್ನೂರಿಗೆ ಬರತೊಡಗಿದ. ಮಾವನನ್ನು ಒಳಗೆ ಕರೆಯುವುದು, ಕಿಟಕಿ ತೆಗೆದಿಡುವುದು, ಜಗಲಿಯ ಅಗಲವನ್ನು ಟೇಪು ಹಿಡಿದು ಅಳೆಯುವುದು. ಇದರಲ್ಲಿ ಅಂಥದ್ದೇನಿದೆ ಎಂದು ನನ್ನ ಹೆಂಡತಿಯನ್ನೂ ಕೇಳಿದನಂತೆ. ಕೇಳಿ ನಾನು ಎರಡು ತುತ್ತು ಹೆಚ್ಚಿಗೆ ಉಂಡೆ.

ಒಂದು ಭಾನುವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋದೆ. ಮಾವ ಸಂತೆ ಬೀದಿಗೆ ಹೋಗಿದ್ದರು. ಜಗಲಿಯ ಮೇಲೆ ನಮ್ಮ ಷಡ್ಡಕ ಕೈಯಲ್ಲಿ ಟೇಪು ಹಿಡಿದು, ಬರೀ ಕಲ್ಲಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಫೋಟೋ ಹೊಡೆದೆ. ಹತ್ತಿರದಿಂದ ಒಂದು, ದೂರದಿಂದ ಒಂದು. ಸ್ಟೇಟಸ್ಸಿಗೆ ಏನು ಬರೆಯುವುದು ಎಂದು ಯೋಚಿಸಲು ಪಕ್ಕದಲ್ಲೇ ಕೂತು ಒರಗಿಗೆ ಆನಿಕೊಂಡೆ. ಬೇವಿನ ಗಾಳಿ ಬೀಸಿತು. ಒಳ್ಳೆಯ ಸಾಲೊಂದು ಹೊಳೆಯುತ್ತಿತ್ತು.

ಎಚ್ಚರವಾದಾಗ ಪಕ್ಕದಲ್ಲಿ ಷಡ್ಡಕ ಇರಲಿಲ್ಲ. ಸಂಜೆ ಚನ್ನಗಿರಿಗೆ ಬಂದರೆ ಹೆಂಡತಿ ಮತ್ತೆ ಮೊಬೈಲ್ ಹಿಡಿದು ಬಾಗಿಲಲ್ಲಿ. ಈ ಸಲ ಸ್ಟೇಟಸ್ಸಿಗೆ ಹಾಕಿದ್ದು, ಗಂಡನ ಜೊತೆ ಅಲ್ಲಿಗೆ ಬಂದಿದ್ದ ಅವಳ ತಂಗಿ. ಜಗಲಿಯ ಮೇಲೆ ಇಬ್ಬರು ಅಳಿಯಂದಿರೂ ಅಕ್ಕಪಕ್ಕ ಬಾಯಿ ತೆರೆದು ಮಲಗಿದ್ದೇವೆ, ನನ್ನ ಕಾಲು ಅವನ ಮೇಲಿದೆ. ಊರಿಗೆ ಊರೇ ನಗುತ್ತಿತ್ತು. ಅಷ್ಟರಲ್ಲಿ ಹೊನ್ನಾಳಿಯ ಮೇಷ್ಟ್ರು ಫೋನ್ ಮಾಡಿ, ನಮ್ಮ ಮನೆಗೂ ಇಂಥ ಜಗಲಿ ಕಟ್ಟಿಕೊಡಿ ಎಂದರು. ನ್ಯಾಮತಿಯ ಅಂಗಡಿಯವರೂ ಕೇಳಿದರು. ನಾಚಿಕೆಯಾಗಿದ್ದರೂ ಅಂದು ನನಗೆ ನೆಮ್ಮದಿ ಎನಿಸಿತು. ಗೋಡೆ ಅವನದಾಗಲಿ, ಜಗಲಿಗೆ ನನ್ನನ್ನೇ ಕರೆಯಬೇಕು. ಇನ್ನು ಅವನ ಮೇಲೆ ಹೊಟ್ಟೆಕಿಚ್ಚು ಪಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟೆ.

ಮಾತು ಕೊಟ್ಟ ಮೇಲೆ, ಇನ್ನೊಮ್ಮೆ ಸಂತೋಷವಾಗಿ ನೋಡೋಣ ಎಂದು ಆ ಫೋಟೋವನ್ನು ದೊಡ್ಡದು ಮಾಡಿದೆ. ನನ್ನ ತಲೆ ಬರೀ ಕಲ್ಲಿನ ಮೇಲಿತ್ತು. ಅವನ ತಲೆಯ ಕೆಳಗೆ, ಅತ್ತೆ ಯಾರಿಗೂ ಮುಟ್ಟಲು ಬಿಡದ ಕಸೂತಿ ಹಾಕಿದ ದಿಂಬಿತ್ತು. ನಾನು ಫೋಟೋ ಹೊಡೆದಾಗ ಅದು ಇರಲಿಲ್ಲ. ಅಂದರೆ ನಾವಿಬ್ಬರೂ ಮಲಗಿದ ಮೇಲೆ ಅತ್ತೆ ಹೊರಗೆ ಬಂದಿದ್ದಾರೆ. ಇಬ್ಬರನ್ನೂ ನೋಡಿದ್ದಾರೆ. ಒಳಗೆ ಹೋಗಿ ದಿಂಬು ತಂದಿದ್ದಾರೆ. ಒಂದೇ ತಂದಿದ್ದಾರೆ.